ಮೇಷ್ಟ್ರಿಗೆ ಕೊಟ್ಟ ತಪ್ಪು ಲೆನ್ಸು

ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ಮದುವೆಗೆ ಇದು, ಹಕ್ಕಿಗೆ ಅದು ಎಂದು ಕೈ ತಾನಾಗಿ ಕಪಾಟಿಗೆ ಹೋಗುತ್ತಿತ್ತು. 2017ರ ಡಿಸೆಂಬರಿನಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರೊಬ್ಬರು ಬಂದು, ಜೆಮಿನಿಡ್ ಉಲ್ಕಾಪಾತದ ಫೋಟೋ ತೆಗೆಯಬೇಕು ಎಂದರು. ಅವರ ಹತ್ತಿರ ಹಳೆಯ ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾ ಇತ್ತು. "ರಾತ್ರಿ ಕೆಲಸಕ್ಕೆ ಇದು ಸಾಲದು ಸರ್" ಎಂದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ, ಜೊತೆಗೆ 24-105 ಮಿಲಿಮೀಟರ್ ಎಫ್ 4 ಝೂಮ್ ಲೆನ್ಸು ಕೊಟ್ಟು ಕಳಿಸಿದೆ.

ವಾಪಸ್ ತಂದಾಗ ಮುಖ ಸಪ್ಪಗಿತ್ತು. "ಕಣ್ಣಿಗೆ ಅರವತ್ತಕ್ಕೂ ಹೆಚ್ಚು ಕಂಡವು. ಕ್ಯಾಮೆರಾದಲ್ಲಿ ಮೂರೇ ಮೂರು" ಎಂದರು. ಬೈಯಲಿಲ್ಲ, ಬಾಡಿಗೆ ಪೂರ್ತಿ ಕೊಟ್ಟೇ ಹೋದರು. ಅದೇ ನನ್ನನ್ನು ಬಹಳ ದಿನ ಕಾಡಿತು.

ತಪ್ಪು ಎಲ್ಲಿ ಎಂದು ಹುಡುಕುತ್ತಾ ಹೋದೆ. ನಕ್ಷತ್ರಕ್ಕೂ ಉಲ್ಕೆಗೂ ಇರುವ ವ್ಯತ್ಯಾಸವೇ ನನಗೆ ಹೊಳೆದಿರಲಿಲ್ಲ. ನಕ್ಷತ್ರ ಒಂದೇ ಕಡೆ ನಿಂತಂತಿರುತ್ತದೆ, ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಬೆಳಕು ಕೂಡುತ್ತದೆ. ಜೆಮಿನಿಡ್ ಉಲ್ಕೆ ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತದೆ. ಅದರ ಬೆಳಕು ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಕ್ಷಣಮಾತ್ರ ಇರುತ್ತದೆ. ಹತ್ತು ಸೆಕೆಂಡು ಇಡಿ, ಮೂವತ್ತು ಇಡಿ, ಗೆರೆ ಅಷ್ಟೇ ಮಂಕು. ಹಿಂದಿನ ಆಕಾಶ ಮಾತ್ರ ಬೆಳ್ಳಗಾಗುತ್ತದೆ. ಆ ಕ್ಷಣದಲ್ಲಿ ಎಷ್ಟು ಬೆಳಕು ಒಳಗೆ ಬರುತ್ತದೆ ಎನ್ನುವುದನ್ನು ಲೆನ್ಸಿನ ಬಾಯಿಯ ಅಗಲ ತೀರ್ಮಾನಿಸುತ್ತದೆ. ಲೆನ್ಸಿನ ಹೆಸರಿನಲ್ಲಿ ಮೊದಲು ಬರುವ ಮಿಲಿಮೀಟರ್ ಅಂಕಿ ಫೋಕಲ್ ಲೆಂಗ್ತ್; ಅದನ್ನು ಎಫ್ ಪಕ್ಕದ ಸಂಖ್ಯೆಯಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ.

ಮೇಷ್ಟ್ರಿಗೆ ಕೊಟ್ಟದ್ದು 24ರಲ್ಲಿ ಎಫ್ 4, ಅಂದರೆ 6 ಮಿಲಿಮೀಟರ್. ಪಕ್ಕದ ಕಪಾಟಿನಲ್ಲೇ ಇದ್ದ 24 ಎಫ್ 1.4ಕ್ಕೆ 17 ಮಿಲಿಮೀಟರ್. ಕಾಣುವ ಆಕಾಶ ಅಷ್ಟೇ, ಬೆಳಕು ಎಂಟು ಪಟ್ಟು. ಅದಕ್ಕಿಂತ ನೋವಾದದ್ದು ಇನ್ನೊಂದು ಲೆಕ್ಕ. ಅವರ ಹಳೆಯ ಕ್ಯಾಮೆರಾಕ್ಕೇ ಸಿಗ್ಮಾ 18-35 ಎಫ್ 1.8 ಹಾಕಿಕೊಟ್ಟಿದ್ದರೆ 18ರಲ್ಲಿ 10 ಮಿಲಿಮೀಟರ್ ಬಾಯಿ ಸಿಗುತ್ತಿತ್ತು. ಚಿಕ್ಕ ಸೆನ್ಸರಿನಲ್ಲಿ 18ಕ್ಕೇ ಹೆಚ್ಚುಕಡಿಮೆ ಅಷ್ಟೇ ಆಕಾಶ, ಎರಡೂವರೆ ಪಟ್ಟಿಗೂ ಮಿಕ್ಕಿ ಬೆಳಕು, ಅದೂ ಕಡಿಮೆ ದುಡ್ಡಿಗೆ. ಬಾಡಿ ಬದಲಿಸುವ ಅಗತ್ಯವೇ ಇರಲಿಲ್ಲ.

ಹಾಗೆಂದು 50 ಎಫ್ 1.8 ಹಾಕಿದರೆ ಬಾಯಿ 28 ಮಿಲಿಮೀಟರ್ ಆದೀತು, ಮಂಕು ಉಲ್ಕೆಯೂ ಚಿತ್ರಕ್ಕೆ ಬಿದ್ದೀತು. ಆದರೆ ಆಕಾಶದ ಸಣ್ಣ ತುಂಡು ಮಾತ್ರ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಅದನ್ನು ಕೊಡುವುದಿಲ್ಲ.

ಮರುವರ್ಷ ಅದೇ ಉಲ್ಕಾಪಾತಕ್ಕೆ ನಾನೇ 24 ಎಫ್ 1.4 ಹಿಡಿದು ಹಿರಿಯೂರಿನ ಆಚೆ ಗೆಳೆಯನ ಹೊಲಕ್ಕೆ ಹೋದೆ. ಚಂದ್ರ ಮುಳುಗುವವರೆಗೆ ಕಾದು, ಕ್ಯಾಮೆರಾದ ಪರದೆಯ ಮೇಲಿನ ಲೈವ್ ವ್ಯೂ ಹಿಗ್ಗಿಸಿ ಲುಬ್ಧಕ ನಕ್ಷತ್ರದ ಮೇಲೆ ಫೋಕಸ್ ಮಾಡಿ, ಫೋಕಸ್ ರಿಂಗು ಜರುಗದಂತೆ ಟೇಪ್ ಸುತ್ತಿದೆ. ಆದರೆ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್, ಅಂದರೆ ಚಿತ್ರದ ಚುಕ್ಕೆ ಕಲೆ ತೆಗೆಯುವ ಸೌಲಭ್ಯವನ್ನು, ಆಫ್ ಮಾಡಲು ಮರೆತಿದ್ದೆ. ಇಪ್ಪತ್ತು ಸೆಕೆಂಡಿನ ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಮತ್ತೆ ಇಪ್ಪತ್ತು ಸೆಕೆಂಡು ಕಣ್ಣು ಮುಚ್ಚಿ ಕೂರುತ್ತಿತ್ತು. ನನ್ನ ಆ ರಾತ್ರಿಯ ಅತಿ ದೊಡ್ಡ ಉಲ್ಕೆ ಅಂಥ ಒಂದು ಬಿಡುವಿನಲ್ಲೇ ಹೋಯಿತು.

ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಇಬ್ಬನಿ ಬಂತು. ಇಬ್ಬನಿಯಲ್ಲಿ ನೆನೆದ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ, ಅದರ ಹುಳಿ ನೀರು ಹಿಡಿಯುವ ಕಾಲ ಅದು. ಲೆನ್ಸಿನ ಗಾಜು ಮಾತ್ರ ಒಣಗಿ ಇದ್ದೀತೇ? ಒರೆಸಿದರೆ ಐದು ನಿಮಿಷ, ಮತ್ತೆ ಮಂಜು. ಪವರ್ ಬ್ಯಾಂಕಿಗೆ ಸಿಕ್ಕಿಸಿ ಲೆನ್ಸಿಗೆ ಸುತ್ತುವ ಬಿಸಿಪಟ್ಟಿ ಒಂದಿದ್ದರೆ ಗಾಜು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದು ಇಬ್ಬನಿ ಕೂರುವುದಿಲ್ಲ.

ಈಗ ಉಲ್ಕೆ ಎಂದು ಬಂದವರಿಗೆ ಮೊದಲು ನಿಮ್ಮ ಕ್ಯಾಮೆರಾ ತನ್ನಿ ಎನ್ನುತ್ತೇನೆ. ನಾಯ್ಸ್ ರಿಡಕ್ಷನ್ ಅಲ್ಲೇ ಆಫ್ ಮಾಡಿ, ಬಾಯಿ ಅಗಲದ ಒಂದು ಲೆನ್ಸು, ಒಂದರ ಹಿಂದೊಂದು ಚಿತ್ರ ತೆಗೆಸುವ ಒಂದು ಟೈಮರ್ ಕೊಡುತ್ತೇನೆ. ಬಿಸಿಪಟ್ಟಿಗೆ ಬೇರೆ ಬಾಡಿಗೆ ತೆಗೆದುಕೊಳ್ಳದೆ ಅದನ್ನು ಲೆನ್ಸಿನ ಚೀಲದೊಳಗೇ ಇಟ್ಟಿರುತ್ತೇನೆ.