ಲಿವರ್ ಚಿಕಿತ್ಸೆ ಆದ ಮೇಲೂ ಜ್ವರ ಬಿಡದಿದ್ದರೆ ನ್ಯೂಕ್ಲಿಯರ್ ಸ್ಕ್ಯಾನ್ ಬೇಕಾ?

ಮುಂಬೈಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡದವರು ಫೋನ್ ಮಾಡುತ್ತಾರೆ. "ಲಿವರ್ ಗಡ್ಡೆಗೆ ಚಿಕಿತ್ಸೆ ಆಯ್ತು, ಜ್ವರ ಹೋಗ್ತಿಲ್ಲ. ಈಗ ನ್ಯೂಕ್ಲಿಯರ್ ಸ್ಕ್ಯಾನ್ ಅಂತಿದ್ದಾರೆ. ಬೇಕೇ ಬೇಕಾ ಅಣ್ಣಾ?"

ನ್ಯೂಕ್ಲಿಯರ್ ಸ್ಕ್ಯಾನ್ ಅಂದರೆ ವಿಕಿರಣ ಸೂಸುವ ಔಷಧಿಯನ್ನು ಸ್ವಲ್ಪ ಚುಚ್ಚಿ, ಅದು ದೇಹದಲ್ಲಿ ಎಲ್ಲಿ ಸೇರಿತು ಅಂತ ಚಿತ್ರ ತೆಗೆಯುವುದು. ಎಲ್ಲರಿಗೂ ಬೇಕಿಲ್ಲ. ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುವ ಚಿಕಿತ್ಸೆ ಆದ ಮೇಲೆ ಸೋಂಕಿಲ್ಲದೆಯೂ ಕೆಲವು ದಿನ ಜ್ವರ ಬರುವುದುಂಟು. ಅದೇ ಜ್ವರ ಏರುತ್ತಲೇ ಹೋದರೆ, ಚಳಿ ನಡುಕ ಬಂದರೆ, ಸುಮ್ನೆ ಕಾಯಬಾರದು. ಪಿತ್ತನಾಳದಲ್ಲಿ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಇದ್ದವರಿಗೆ ಲಿವರ್‌ನಲ್ಲಿ ಕೀವು ಕಟ್ಟುವ ಅಪಾಯ ಜಾಸ್ತಿ. ರಕ್ತ ಪರೀಕ್ಷೆ, ಸೋನೋಗ್ರಫಿ, ಸಿಟಿ ಸ್ಕ್ಯಾನ್‌ನಲ್ಲೇ ಕಾರಣ ಸಿಕ್ಕರೆ ನಮ್ಮ ಹತ್ತಿರ ಬರಬೇಕಾಗಿಯೇ ಇಲ್ಲ.

ಸಿಗದಿದ್ದಾಗ ನಮ್ಮ ಕೆಲಸ ಶುರು. ಒಂದು ದಾರಿಯಲ್ಲಿ ರೋಗಿಯದೇ ರಕ್ತ ತೆಗೆಯುತ್ತೇವೆ. ಕೆಂಪು ಕಣಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದದ್ದರಿಂದ ಬಿಳಿ ಕಣ ಬೇರೆ ಮಾಡಿ, ವಿಕಿರಣ ಸೂಸುವ ಟೆಕ್ನೀಷಿಯಂ ಅಥವಾ ಇಂಡಿಯಂ ಅಂಟಿಸಿ, ಅದೇ ವ್ಯಕ್ತಿಗೆ ವಾಪಸ್ ಚುಚ್ಚುತ್ತೇವೆ. ಸಿರಿಂಜ್ ಮೇಲಿನ ಹೆಸರನ್ನು ಮತ್ತೆ ಮತ್ತೆ ಓದುತ್ತೇವೆ, ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಲೇಬಾರದಲ್ವಾ. ಕಣಗಳು ಸೋಂಕಿರುವ ಕಡೆ ಹೋಗಿ ಸೇರುತ್ತವೆ. ತೊಡಕು ಏನೆಂದರೆ, ಆರೋಗ್ಯವಂತ ಲಿವರ್ ಕೂಡ ಇವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಲಿವರ್ ಒಳಗಿನ ಕೀವು ಮರೆಯಾಗಬಹುದು.

ಇನ್ನೊಂದು ದಾರಿ ಪೆಟ್-ಸಿಟಿ, ಅಂದರೆ ಸಿಟಿ ಜತೆ ಸೇರಿಸಿ ಮಾಡುವ ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್. ದೇಶದ ಮೊದಲ ಪೆಟ್ ಸ್ಕ್ಯಾನರ್ 2002ರಲ್ಲಿ ಬಂದದ್ದು ನಮ್ಮ ಪರೇಲ್‌ನ ರೇಡಿಯೇಷನ್ ಮೆಡಿಸಿನ್ ಸೆಂಟರ್‌ಗೇ. ಫ್ಲೋರಿನ್-18 ಎಂಬ ವಿಕಿರಣ ಸೂಸುವ ವಸ್ತು ಸೇರಿಸಿದ, ಗ್ಲೂಕೋಸ್‌ನಂಥ ಔಷಧಿ ಕೊಡುತ್ತೇವೆ. ಸೋಂಕಿನ ಜತೆ ಸೆಣಸುವ ಕಣಗಳು ಅದನ್ನು ಹೆಚ್ಚು ಎಳೆದುಕೊಳ್ಳುತ್ತವೆ. ಕ್ಯಾನ್ಸರ್ ಕಣಗಳೂ ಹಾಗೇ, ಚಿಕಿತ್ಸೆಯ ನಂತರ ಮಾಯುತ್ತಿರುವ ಜಾಗವೂ ಹಾಗೇ. ಅದಕ್ಕೇ, ಹೊಳೆದದ್ದೆಲ್ಲ ಸೋಂಕು ಅಂತಲೂ ಅಲ್ಲ, ಕ್ಯಾನ್ಸರ್ ಮರಳಿತು ಅಂತಲೂ ಅಲ್ಲ. ರಿಪೋರ್ಟ್ ಓದಿ ಮನೆಯವರು ಅಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಸೂಜಿಯನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಸ್ಕ್ಯಾನ್ ತೋರಿಸಬಹುದು. ಯಾವ ರೋಗಾಣು, ಯಾವ ಔಷಧಿ ಅನ್ನುವುದು ಗೊತ್ತಾಗುವುದು ಆ ಸೂಜಿಯಿಂದ ತೆಗೆದ ಕೀವಿನ ಪರೀಕ್ಷೆಯಲ್ಲಿ.

ವಿಕಿರಣದ ಭಯ ಬೇಡ. ಫ್ಲೋರಿನ್-18ರ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧ ಇಳಿಯುತ್ತದೆ. ಅವತ್ತೊಂದು ದಿನ ಗರ್ಭಿಣಿಯರಿಂದ, ಪುಟ್ಟ ಮಕ್ಕಳಿಂದ ಸ್ವಲ್ಪ ದೂರವಿರಿ, ನೀರು ಚೆನ್ನಾಗಿ ಕುಡಿಯಿರಿ.

ಪೆಟ್‌ಗೆ ಬರುವಾಗ ದಾರಿಯಲ್ಲಿ ಕಟಿಂಗ್ ಚಹಾ ಕುಡಿಯಬೇಡಿ. ಆ ಸಕ್ಕರೆಯಿಂದ ಇನ್ಸುಲಿನ್ ಏರಿ ಔಷಧಿ ಸ್ನಾಯುಗಳಿಗೆ ಹೋಗಿಬಿಡುತ್ತದೆ, ಚಿತ್ರ ಕೆಡುತ್ತದೆ. ಡಯಾಬಿಟಿಸ್ ಇದ್ದರೆ ಮೊದಲೇ ಹೇಳಿ. ಲಿವರ್‌ಗೆ ಏನು ಮಾಡಿದರು, ಯಾವ ತಾರೀಖು, ಸ್ಟೆಂಟ್ ಇದೆಯಾ, ಯಾವ ಆಂಟಿಬಯೋಟಿಕ್ ನಡೆಯುತ್ತಿದೆ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ. ನಾವಾಗಿ ಹೇಳದೆ ಆಂಟಿಬಯೋಟಿಕ್ ಮಾತ್ರ ನಿಲ್ಲಿಸಬೇಡಿ.