ನಾಲ್ಕೂವರೆ ಎಕರೆ ದ್ರಾಕ್ಷಿ ತೋಟ

ನಿನ್ನೆ ಫ್ರಾನ್ಸಿನ ಬರ್ಗಂಡಿಯಲ್ಲಿ ರೊಮಾನೆ-ಕೊಂಟಿ ಅನ್ನೋ ಹೆಸರಾಂತ ವೈನ್ ದ್ರಾಕ್ಷಿ ತೋಟದ ಕಲ್ಲುಗೋಡೆ ಪಕ್ಕ ತುಂಬಾ ಹೊತ್ತು ನಿಂತಿದ್ದೆ. ಇಡೀ ತೋಟ ಸುಮಾರು 1.8 ಹೆಕ್ಟೇರ್, ಅಂದ್ರೆ ನಾಲ್ಕೂವರೆ ಎಕರೆ ಅಷ್ಟೇ. ನಮ್ಮಜ್ಜನ ಅಡಿಕೆ ತೋಟ ಇದಕ್ಕಿಂತ ದೊಡ್ಡದಿತ್ತು! ಇಲ್ಲಿನ 1945ರ ಒಂದು ಬಾಟಲಿ ವೈನ್ 2018ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರಿಗೆ ಹೋಯ್ತು. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ, ಜಗತ್ತಿಗೆಲ್ಲ ಬೇಕು. ಬೆಲೆ ಏರೋದು ಅರ್ಥವಾಗುತ್ತೆ. ಆದ್ರೆ ನಾಲಿಗೆಗೆ ಆ ಬೆಲೆ ತಿಳಿಯುತ್ತಾ? 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿ ಕುಡಿಸಿದಾಗ ಫ್ರೆಂಚ್ ತೀರ್ಪುಗಾರರೇ ಫ್ರಾನ್ಸಿನದೇ ಬೋರ್ಡೋ ಪ್ರದೇಶದ ಘಟಾನುಘಟಿ ವೈನುಗಳಿಗಿಂತ ಕ್ಯಾಲಿಫೋರ್ನಿಯಾದ ವೈನಿಗೆ ಹೆಚ್ಚು ಅಂಕ ಕೊಟ್ಟಿದ್ದರು. ನಾನು ಪಕ್ಕದ ಊರಿನ, ಅಷ್ಟೇನೂ ಹೆಸರಿಲ್ಲದ ಪಿನೋ ನುವಾರ್ (ಅದೇ ಹೆಸರಿನ ಕಪ್ಪು ದ್ರಾಕ್ಷಿಯ ಕೆಂಪು ವೈನ್) ಒಂದು ಬಾಟಲಿ ತಗೊಂಡೆ. ರಾತ್ರಿ ನಮ್ಮವರ ಜೊತೆ ಕೂತು ನಿಧಾನಕ್ಕೆ ಕುಡಿದ್ವಿ. ಚೆರ್ರಿ ಹಣ್ಣಿನ ಪರಿಮಳ, ಹಿಂದೆಯೇ ಮೊದಲ ಮಳೆ ಬಿದ್ದ ಮಣ್ಣಿನ ಘಮ. ಬಾಟಲಿ ಖಾಲಿಯಾದಾಗ ಇಬ್ಬರಿಗೂ ಬೇಜಾರಾಯ್ತು.