ಕೊಡಗಿನ ಮಳೆಗೂ ಮೆಟ್ಟಿಲಿಗೂ ಒಗ್ಗುವ ಬೇಸ್ ಕ್ಯಾಬಿನೆಟ್

ಕೊಡಗಿನಲ್ಲಿ ರೈಲಿಲ್ಲ. ವಿರಾಜಪೇಟೆಯಿಂದ ಮಡಿಕೇರಿಗೋ ಸೋಮವಾರಪೇಟೆಗೋ ನುಡಿಸಲು ಹೊರಟ ಬ್ಯಾಂಡಿನ ಸಾಮಾನೆಲ್ಲ ಕಾರಿನ ಡಿಕ್ಕಿಯಲ್ಲೇ ಹಿಡಿಯಬೇಕು. ಹೋಂಸ್ಟೇ ಕಾರ್ಯಕ್ರಮವಾದರೆ ಕೊನೆಯ ಏರನ್ನು ಕೈಯಲ್ಲೇ ಹೊತ್ತು ಹತ್ತಬೇಕಾಗಬಹುದು. ಹಾಗಾಗಿ ಬೇಸ್ ಕ್ಯಾಬಿನೆಟ್ (ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ) ಕೊಳ್ಳುವಾಗ ವ್ಯಾಟ್ ನೋಡುವ ಮೊದಲು ತೂಕ ನೋಡಿ. 16 ಕೆಜಿ ಒಳಗಿದ್ದರೆ ಒಬ್ಬರೇ ಎತ್ತಬಹುದು. 10 ಇಂಚಿನ ನಾಲ್ಕು ಸ್ಪೀಕರ್‌ಗಳ ಹಳೆಯ ಮಾದರಿಯ ಪೆಟ್ಟಿಗೆಗೆ ಇಬ್ಬರು ಬೇಕು.

ತೂಕವೆಲ್ಲ ಇರುವುದು ಮ್ಯಾಗ್ನೆಟ್ಟಿನಲ್ಲಿ ಮತ್ತು ಮರದಲ್ಲಿ. ಫೆರೈಟ್ ಮ್ಯಾಗ್ನೆಟ್ಟಿನ 12 ಇಂಚಿನ ಸ್ಪೀಕರ್ ಒಂದೇ ಸುಲಭವಾಗಿ 5 ಕೆಜಿ ದಾಟುತ್ತದೆ. ನಿಯೋಡಿಮಿಯಂ ಆದರೆ ಸಾಮಾನ್ಯವಾಗಿ 2ರಿಂದ 4 ಕೆಜಿ. ಮರ ತೆಳುವಾದಾಗ ಒಳಗೆ ಅಡ್ಡಪಟ್ಟಿ ಕೊಡಲೇಬೇಕು, ಇಲ್ಲವಾದರೆ ಹಲಗೆಯೇ ನಡುಗಿ ಸ್ವರ ಮಸುಕಾಗುತ್ತದೆ. ಪಕ್ಕದ ಹಲಗೆಯ ನಡುವೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ: ಸದ್ದು ಚಿಕ್ಕದಾಗಿ ಅಲ್ಲೇ ನಿಂತರೆ ಒಳ್ಳೆಯದು, ಗುಂಯ್ ಎಂದು ಎಳೆದರೆ ಬಿಟ್ಟುಬಿಡಿ.

ಚಿಕ್ಕ ಪೆಟ್ಟಿಗೆ, ಜೋರು ಸದ್ದು, ಆಳದ ಬೇಸ್ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡನ್ನು ಹಿಡಿದರೆ ಮೂರನೆಯದು ತಪ್ಪುತ್ತದೆ. ಆದರೆ ಕಿವಿ ಬೇಸ್ ಗಿಟಾರಿನ ಅತಿ ದಪ್ಪದ ಇ ತಂತಿಯನ್ನು ಗುರುತಿಸುವುದು ಅದರ 41 ಹರ್ಟ್ಜ್‌ಗಿಂತ ಹೆಚ್ಚಾಗಿ 82 ಹರ್ಟ್ಜ್ ಮತ್ತು ಅದಕ್ಕೂ ಮೇಲಿನ ಸ್ವರಗಳಿಂದ. ಆದ್ದರಿಂದ ನನ್ನ ಮಟ್ಟಿಗೆ ಬಿಟ್ಟುಕೊಡಬೇಕಾದದ್ದು ತೀರಾ ಕೆಳಗಿನ ಬೇಸನ್ನೇ. 400 ವ್ಯಾಟ್ ಎಂದು ಬರೆದಿದ್ದರೆ ಅದು ಸ್ಪೀಕರಿನೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಡದೆ ತಾಳುವ ಶಾಖದ ಲೆಕ್ಕ. 40 ಹರ್ಟ್ಜ್ ಸುತ್ತ ಅದಕ್ಕಿಂತ ಬಹಳ ಕಡಿಮೆ ವ್ಯಾಟ್‌ಗೇ ಕೋನ್ (ಸ್ಪೀಕರಿನ ಅಲುಗುವ ಭಾಗ) ತನ್ನ ಮಿತಿ ಮುಟ್ಟಿ ಪಟಪಟ ಎನ್ನುತ್ತದೆ. ಆಂಪಿನಲ್ಲಿ (ಆಂಪ್ಲಿಫೈಯರ್) ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಇದ್ದರೆ 40 ಹರ್ಟ್ಜ್ ಹತ್ತಿರ ಇಡಿ. ಬೇಸ್ ನಾಬ್ ಏರಿಸುವ ಬದಲು ಮಿಡ್ (ನಡುವಿನ ಸ್ವರಗಳ ನಾಬ್) ಸ್ವಲ್ಪ ಏರಿಸಿ.

ಮೊದಲಿಗೆ 8 ಓಮ್‌ನ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ), 12 ಇಂಚಿನ ಒಂದೇ ಸ್ಪೀಕರಿನ ನಿಯೋಡಿಮಿಯಂ ಕ್ಯಾಬಿನೆಟ್ (ಕ್ಯಾಬ್) ಕೊಳ್ಳಿ. ಮುಂದೆ ಅದರದೇ ಜೋಡಿ. 4 ಓಮ್‌ದು ಕೊಂಡರೆ ಎರಡನೆಯದಕ್ಕೆ ದಾರಿ ಮುಚ್ಚಿದಂತೆ, ಏಕೆಂದರೆ ಎರಡು 8 ಓಮ್ ಕ್ಯಾಬ್ ಸೇರಿದರೆ 4 ಓಮ್, ಎರಡು 4 ಓಮ್ ಸೇರಿದರೆ 2 ಓಮ್ ಆಗುತ್ತದೆ. ಹೆಚ್ಚಿನ ಕ್ಲಾಸ್ ಡಿ (ಹಗುರವಾದ ಹೊಸ ಬಗೆಯ) ಆಂಪ್‌ಗಳು 4 ಓಮ್‌ಗಿಂತ ಕೆಳಗೆ ಇಳಿಯಬಾರದು. 4 ಓಮ್‌ಗೆ 500 ವ್ಯಾಟ್ ಕೊಡುವ ಆಂಪ್ 8 ಓಮ್‌ಗೆ 300 ಕೊಟ್ಟರೂ ನಷ್ಟ ಸುಮಾರು 2 ಡೆಸಿಬೆಲ್ ಮಾತ್ರ. ಎರಡನೇ ಕ್ಯಾಬ್ ಸೇರಿದಾಗ ಸುಮಾರು 5 ಡೆಸಿಬೆಲ್ ಏರುತ್ತದೆ. ಎರಡನ್ನೂ ಒಂದರ ಮೇಲೊಂದು ಇಡಿ, ಪಕ್ಕಪಕ್ಕ ಬೇಡ: ಮೇಲಿನದು ಕಿವಿಗೆ ಹತ್ತಿರವಾಗುತ್ತದೆ, ಸಭಾಂಗಣದ ಎರಡೂ ಬದಿಗೆ ಸ್ವರ ಸಮನಾಗಿ ಹರಡುತ್ತದೆ. ಒಂದೇ ಇದ್ದರೆ ಗಟ್ಟಿ ಕುರ್ಚಿಯ ಮೇಲಿಡಿ. ಪೊಳ್ಳು ಮರದ ವೇದಿಕೆಯ ಗುಂಯ್‌ಗುಟ್ಟುವಿಕೆಯೂ ತಗ್ಗುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪೆಟ್ಟಿಗೆ ಹೇಗೆ ಒಣಗೀತು? ಪಾರ್ಟಿಕಲ್ ಬೋರ್ಡ್ ಮೂಲೆಗಳಲ್ಲಿ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಆ ಸಂದಿಯಿಂದ ಗಾಳಿ ಸೋರಿ ಪರ್ ಎಂಬ ಸದ್ದು ಬರುತ್ತದೆ. ಪ್ಲೈವುಡ್ಡನ್ನೇ ಆರಿಸಿ. ಕಾರ್ಪೆಟ್ ಹೊದಿಕೆ ತೇವ ಹಿಡಿದು ಬೂಷ್ಟು ಕಟ್ಟುತ್ತದೆ. ಗಟ್ಟಿ ಬಣ್ಣದ ಲೇಪ ಒರೆಸಿದರೆ ಸಾಕು. ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಎರಡು ರೀಪಿನ ಮೇಲೆ ನಿಲ್ಲಿಸಿ, ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿದು ಕಾಗದದ ಕೋನಿಗೂ ಬೂಷ್ಟು ಹಬ್ಬುತ್ತದೆ. ಮಳೆ ಮುಗಿದ ಮೇಲೆ ಸ್ಪೀಕರಿನ ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ, ಹಗುರವಾಗಿ ಬಿಗಿಗೊಳಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಖಾಲಿ ಇ ತಂತಿಯಿಂದ ಒಂದೊಂದೇ ಫ್ರೆಟ್ ಏರುತ್ತಾ ನಿಧಾನವಾಗಿ ನುಡಿಸಿ. ಯಾವುದಾದರೂ ಒಂದು ಸ್ವರಕ್ಕೆ ಮಾತ್ರ ಗಿರ್ ಎಂದರೆ ಜಾಲರಿ, ಹಿಡಿಕೆ, ಜಾಕ್ ಪ್ಲೇಟನ್ನು ಕೈಯಿಂದ ಒತ್ತಿ ನೋಡಿ. ಸದ್ದು ನಿಂತರೆ ಒಂದು ಸ್ಕ್ರೂ ಬಿಗಿಯುವ ಕೆಲಸ. ನಿಲ್ಲದಿದ್ದರೆ ಕಾಯಿಲ್ ಉಜ್ಜುತ್ತಿರಬಹುದು, ಬೆಲೆ ಇಳಿಸಿದರೂ ಬೇಡ. ಆಂಪಿಗೆ ಜೋಡಿಸಲು ಸ್ಪೀಕಾನ್ ಕೇಬಲ್ಲನ್ನೇ (ತಿರುಗಿಸಿ ಬಿಗಿಯುವ ಪ್ಲಗ್ಗಿನ ಸ್ಪೀಕರ್ ಕೇಬಲ್) ಬಳಸಿ, ಒಳತಂತಿ ಕನಿಷ್ಠ 1.5 ಚದರ ಮಿಲಿಮೀಟರ್ ಇರಲಿ. ಗಿಟಾರ್ ಕೇಬಲ್ಲಿನ ಸಣ್ಣ ತಂತಿ ಇಷ್ಟು ಕರೆಂಟಿಗೆ ಬಿಸಿಯಾಗಿ ಶಾರ್ಟ್ ಆದರೆ ಆಂಪೇ ಹೋದೀತು.